ಹೊಳೆಬಾಗಿಲ ಯಜಮಾನ

ಬೇಸಿಗೆ ರಜೆಗೆ ಅಜ್ಜನ ಮನೆಗೆ ಹೋದ ಪೇಟೆ ಹುಡುಗರಿಗೆಲ್ಲ ಅಲ್ಲೊಬ್ಬ ಯಜಮಾನ ಸಿಗುತ್ತಾನೆ. ವಯಸ್ಸಿನಲ್ಲಿ ನಿಮಗಿಂತ ಒಂದು ವರ್ಷಕ್ಕೆ ದೊಡ್ಡವನು, ಅಷ್ಟೇ. ಮಾತು ಮಾತ್ರ ಮೊಮ್ಮಕ್ಕಳನ್ನು ಕಂಡವರದು. ಚಡ್ಡಿಯ ಗುಂಡಿ ಕಿತ್ತುಹೋಗಿ ಉಡಿದಾರದ ಆಸರೆಯಲ್ಲಿ ನಿಂತಿರುತ್ತದೆ, ಆದರೂ ಅಡಿಕೆ ತೋಟದ ನಡುವೆ ನಿಂತು ಕತ್ತೆತ್ತಿ, "ಈ ವರ್ಷ ಸಿಂಗಾರ ಕಮ್ಮಿ. ಕೊಳೆ ಬರದಿದ್ರೆ ಸಾಕು" ಎಂದು ನಿಟ್ಟುಸಿರು ಬಿಡುತ್ತಾನೆ. ನೀವು ಬಂದು ಇಳಿದ ಗಳಿಗೆಯಿಂದ ಮರಳಿ ಬಸ್ಸು ಹತ್ತುವವರೆಗೆ ನೀವು ಅವನ ಸೊತ್ತು. ನನ್ನ ಯಜಮಾನ ಊರವರಿಗೆ ನನ್ನನ್ನು ಪರಿಚಯಿಸುತ್ತಿದ್ದುದು ಹೀಗೆ: "ಇದು ಬೆಂಗಳೂರಿನ ಮಾಲು. ಈಜು ಬರಲ್ಲ, ಮರ ಹತ್ತಕ್ಕೆ ಬರಲ್ಲ. ಬಸ್ಸಲ್ಲಿ ವಾಂತಿ ಮಾತ್ರ ಬರ್ತದೆ."

ಸುಳ್ಳಲ್ಲ. ಸಾಗರದಿಂದ ಹೊಳೆಬಾಗಿಲಿಗೆ ಬರುವ ದಾರಿಯ ತಿರುವುಗಳನ್ನು ನನ್ನ ಹೊಟ್ಟೆ ಒಂದೊಂದಾಗಿ ಎಣಿಸುತ್ತಿತ್ತು. ಬಸ್ಸು ನಿಂತಲ್ಲಿ ರಸ್ತೆ ಸೀದಾ ನೀರಿಗಿಳಿಯುತ್ತದೆ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿದ ಮೇಲೆ ಶರಾವತಿ ಹೊಳೆ ಹೋಗಿ ಹಿನ್ನೀರಾಯಿತು. ಆಚೆ ದಡದ ತುಮರಿ, ಬ್ಯಾಕೋಡಿನ ಸೀಮೆಗೆ ಲಾಂಚೇ ಗತಿಯಾಯಿತು. ನಮ್ಮಜ್ಜನ ಮನೆ, ಯಜಮಾನನ ಮನೆ ಎರಡೂ ಆಚೆ ಕಡೆಯವು. ಪೇಪರು ತರುವ ನೆಪದಲ್ಲಿ ಅವನು ದಿನಾ ಲಾಂಚಿನಲ್ಲಿ ಈಚೆಗೆ ಬಂದು, ಬಸ್ಸಿಳಿದವರ ವಿಚಾರಣೆ ನಡೆಸುತ್ತಿದ್ದ. "ಯಾರ ಮನೆಗೆ? ಎಂತಕ್ಕೆ? ಎಷ್ಟು ದಿನ?" ಉತ್ತರ ಹೇಳದೆ ಲಾಂಚು ಹತ್ತಿದವರನ್ನು ನಾನು ಕಂಡಿಲ್ಲ.

ಹೇಗಿದೀಯ ಎಂದು ಕೇಳಿದರೆ ನೀರಿನ ಮಟ್ಟ ಹೇಳುತ್ತಿದ್ದ. ತುಂಬಿದರೆ 1819 ಅಡಿ, ಇವತ್ತು ಇಷ್ಟು, ನಿನ್ನೆಗಿಂತ ಇಷ್ಟು ಕಮ್ಮಿ. ಮೇ ಹೊತ್ತಿಗೆ ನೀರು ಹಿಂದೆ ಸರಿದು ದಡವೆಲ್ಲ ಕೆಂಪು ಕೆಸರು. ಮುಳುಗಿದ್ದ ಮರಗಳ ಬೊಡ್ಡೆಗಳು ಮೇಲೇಳುತ್ತವೆ, ಅವುಗಳ ಹಿಂದೆ ಮಡೆನೂರಿನ ಹಿರೇಭಾಸ್ಕರ ಅಣೆಕಟ್ಟೂ ಏಳುತ್ತದೆ. ಲಿಂಗನಮಕ್ಕಿಗಿಂತ ಮೊದಲು ಕಟ್ಟಿದ, ಲಿಂಗನಮಕ್ಕಿಯೇ ಮುಳುಗಿಸಿದ ಅಣೆಕಟ್ಟು ಅದು. ಅದರ ಮೇಲೆ ನನ್ನನ್ನು ನಡೆಸಿಕೊಂಡು ಹೋಗಿ, ತಾನೇ ಇಂಜಿನಿಯರು ಎಂಬಂತೆ, "ಗಟ್ಟಿ ಕೆಲಸ. ಈಗಿನವರಿಗೆ ಬರಲ್ಲ" ಎಂದಿದ್ದ.

ಇಷ್ಟೆಲ್ಲ ಸಹಿಸಬಹುದಿತ್ತು. ಸಹಿಸಲಾಗದ್ದು ಅವನು ತರುತ್ತಿದ್ದ ಸುದ್ದಿ. ನಮ್ಮ ಮನೆಯ ಸುದ್ದಿ ನನಗೆ ಸಿಗುತ್ತಿದ್ದುದು ಅವನಿಂದಲೇ. ನೀರಿನ ಮಟ್ಟ ಹೇಳುವ ದನಿಯಲ್ಲೇ ಒಂದು ದಿನ, ಗೇರುಹಣ್ಣು ಚೀಪುತ್ತ, "ನಿಮ್ಮ ಸಣ್ಣ ಮಾವ ಒಲೆ ಬೇರೆ ಮಾಡ್ತಾರಂತೆ. ಹಿಸೆ ಆಗ್ತದೆ. ನಿಮ್ಮಮ್ಮ ರಾತ್ರಿ ಅತ್ತದ್ದು ಅದಕ್ಕೇ" ಎಂದ. ಅಮ್ಮ ಅತ್ತದ್ದೇ ನನಗೆ ಗೊತ್ತಿರಲಿಲ್ಲ. ಕೆಳಗಿನ ತೋಟಕ್ಕೆ ನೀರು ಮೊದಲೋ ಮೇಲಿನದಕ್ಕೋ ಎಂಬಲ್ಲಿ ಹುಟ್ಟಿದ ಜಗಳ ಆ ಬೇಸಿಗೆಯಲ್ಲಿ ಅಟ್ಟ, ಕೊಟ್ಟಿಗೆ, ಉಪ್ಪಿನಕಾಯಿ ಭರಣಿಗಳವರೆಗೆ ಬಂದಿತ್ತು. ಮಾವಂದಿರಿಬ್ಬರೂ ಮಾತು ಬಿಟ್ಟಿದ್ದರು. ಹೇಳಬೇಕಾದ್ದನ್ನು ಎಮ್ಮೆಗೋ ನಾಯಿಗೋ ಹೇಳುವುದು, ಕೇಳಿಸಿಕೊಳ್ಳಬೇಕಾದವರು ಕೇಳಿಸಿಕೊಳ್ಳುವುದು. ಅಣ್ಣನ ಪಕ್ಕ ಕೂತರೆ ತಮ್ಮನಿಗೆ ಸಿಟ್ಟು ಎಂದು ಅಮ್ಮ ಅಡುಗೆಮನೆಯಿಂದ ಹೊರಗೇ ಬರುತ್ತಿರಲಿಲ್ಲ. ಅಜ್ಜ ಜಗಲಿಯಲ್ಲಿ ಕಿವುಡರಾಗಿದ್ದರು. ಅಜ್ಜಿ ಹಠ ಹಿಡಿದವರಂತೆ ಹಲಸಿನ ಹಪ್ಪಳ ಒತ್ತುತ್ತಿದ್ದರು. ಅಂಗಳದ ತುಂಬ ಚಾಪೆ, ಚಾಪೆಯ ತುಂಬ ಹಪ್ಪಳ, ಕಾಗೆ ಓಡಿಸಲು ನಾನು. ನನ್ನ ಮೇಲ್ವಿಚಾರಣೆಗೆ ಯಜಮಾನ.

ಹಿಸೆ ಪಂಚಾಯಿತಿಗೆಂದು ಸಾಗರದ ಕಡೆಯಿಂದ ಹಿರಿಯರು ಬರುವ ದಿನವೂ ನಾವು ಹೊಳೆಬಾಗಿಲಲ್ಲಿದ್ದೆವು. ಬಿಳಿ ಪಂಚೆಯ ಮೂವರು, ಕೈಚೀಲ ಹಿಡಿದ ಗುಮಾಸ್ತನೊಬ್ಬ ಬಸ್ಸಿಳಿದರು. ವಿಚಾರಣೆ ಶುರುವಾಯಿತು.

"ಯಾರ ಮನೆಗೆ?"

ಹೇಳಿದರು.

"ಓ, ಹಿಸೆಗಾ? ದೊಡ್ಡ ಹೆಗಡೇರು ಊರಲ್ಲಿಲ್ಲವಲ್ಲ! ಸಿರಸಿಗೆ ಹೋಗಿದಾರೆ. ಬರದು ನಾಳೆಯೋ ನಾಡಿದ್ದೋ."

ದೊಡ್ಡ ಮಾವ ಬೆಳಿಗ್ಗೆಯಿಂದ ಒಗೆದ ಪಂಚೆ ಉಟ್ಟು, ಕವಳ ಹಾಕುತ್ತ ಜಗಲಿಯಲ್ಲಿ ಕಾಯುತ್ತಿದ್ದುದನ್ನು ನಾನೇ ನೋಡಿ ಬಂದಿದ್ದೆ. ಬಾಯಿ ತೆರೆದೆ. ಯಜಮಾನ ನನ್ನ ಕಾಲ್ಬೆರಳನ್ನು ಮೆಟ್ಟಿ ನಿಂತ.

"ಉಳಿದು ಕಾಯ್ತೇವೆ ಅಂದ್ರೆ ಬನ್ನಿ. ಆದ್ರೆ ನೀರು ದಿನಾ ಇಳೀತಾ ಇದೆ. ನಾಳೆಗೆ ಲಾಂಚು ದಡ ಮುಟ್ಟೋದೇ ಅನುಮಾನ. ಆಚೆ ಸಿಕ್ಕಿಬಿದ್ರೆ ಕಾರ್ಗಲ್ ಸುತ್ತಿ ಬರಬೇಕು ನೋಡಿ" ಎಂದು ಅಂದಿನ ಅಡಿ ಲೆಕ್ಕವನ್ನೂ ಕೊಟ್ಟ. ಅಡಿ ಲೆಕ್ಕ ಹೇಳುವವನನ್ನು ಯಾರು ನಂಬುವುದಿಲ್ಲ? ಗುಮಾಸ್ತ ಹಿರಿಯರ ಮುಖ ನೋಡಿದ, ಹಿರಿಯರು ಕೆಸರು ನೋಡಿದರು. ಚಾ ಕುಡಿದು ಅದೇ ಬಸ್ಸಿಗೆ ಹತ್ತಿಕೊಂಡರು.

ಸಂಜೆಯವರೆಗೆ ಕಾದ ದೊಡ್ಡ ಮಾವ, "ಮಾತಿಗೆ ಬೆಲೆ ಇಲ್ಲದ ಜನ" ಎಂದು ಉಗಿದರು. "ಹೌದು, ಮರ್ಯಾದೆ ಗೊತ್ತಿಲ್ಲದವರು" ಎಂದರು ಸಣ್ಣ ಮಾವ, ಎಮ್ಮೆಗಲ್ಲ, ನೇರ ಅಣ್ಣನಿಗೇ. ಆ ಬೇಸಿಗೆಯಲ್ಲಿ ಇಬ್ಬರೂ ಒಪ್ಪಿದ ಒಂದೇ ವಿಷಯ ಅದು. ಮುಂದೆ ಮಳೆ ಹಿಡಿಯಿತು, ಕೊಳೆರೋಗದ ಔಷಧಿಯ ಗಡಿಬಿಡಿ, ಅದರ ಬೆನ್ನಿಗೆ ಕೊಯ್ಲು. ಹಿಸೆ ಆದದ್ದು ಕೊಯ್ಲು ಮುಗಿದ ಮೇಲೆ. ಆ ಮಳೆಗಾಲ ಒಂದೇ ಒಲೆಯಲ್ಲಿ ಕಳೆಯಿತು.

ಯಾಕೆ ಹಾಗೆ ಹೇಳಿದೆ ಎಂದು ಕೇಳಿದ್ದಕ್ಕೆ ನನ್ನನ್ನು ದಡ್ಡನೆಂಬಂತೆ ನೋಡಿದ. "ನಿಮ್ಮಜ್ಜಿ ಹಪ್ಪಳ ಒಣಗಿರಲಿಲ್ಲ ಮಾರಾಯ. ಹಸಿ ಹಪ್ಪಳ ಹಿಸೆ ಮಾಡಕ್ಕೆ ಬರ್ತದಾ?"

ಊರಿನ ಎಲ್ಲ ಮನೆಗಳ ಸುದ್ದಿ ಗೊತ್ತಿದ್ದ ಇವನು ಒಂದು ಮನೆಯ ಸುದ್ದಿ ಮಾತ್ರ ಎಂದೂ ಹೇಳಲಿಲ್ಲ. ಅವರ ಹಳೆಯ ಮನೆ, ಗದ್ದೆ ಎಲ್ಲ ನೀರಿನಡಿ. ಗುಡ್ಡ ಹತ್ತಿ ಮಾಡಿಕೊಂಡ ಹೊಸ ಜಮೀನಿಗೆ ಪಹಣಿಯಲ್ಲಿ ಹೆಸರಿಲ್ಲ. ಅಪ್ಪ ಕಾಗದದ ಕಟ್ಟು ಹಿಡಿದು ಸಾಗರ, ಶಿವಮೊಗ್ಗದ ಕಚೇರಿಗಳನ್ನು ಅಲೆಯುವವರು. ಅಲೆದು ಬಂದ ರಾತ್ರಿ ಕುಡಿಯುವವರು. ತೋಟದ ನೀರು, ಸೊಪ್ಪು, ದರಕು, ದನ ಎಲ್ಲ ಇವನ ಪಾಲಿಗೆ. ಇದನ್ನೆಲ್ಲ ನಾನು ತಿಳಿದದ್ದು ಬಹಳ ವರ್ಷಗಳ ಮೇಲೆ, ಅಮ್ಮನ ಬಾಯಿಂದ. ಸಾಗರದ ನಾ. ಡಿಸೋಜ 'ಮುಳುಗಡೆ', 'ದ್ವೀಪ' ಬರೆದು ನಾಡಿಗೆ ತಿಳಿಸಿದ್ದನ್ನು ಇವನು ಅಪ್ಪನ ಮುಖದಲ್ಲೇ ಓದಿಕೊಂಡಿದ್ದ. ಮನೆಯಲ್ಲಿ ಯಜಮಾನರ ಜಾಗ ಖಾಲಿ ಇದ್ದರೆ ಯಾರಾದರೂ ಕೂರಲೇಬೇಕಲ್ಲ. ಅದಕ್ಕೆಂದು ನನ್ನ ಕಾಲ್ಬೆರಳು ಮೆಟ್ಟಿದ್ದನ್ನು ನಾನೇನೂ ಕ್ಷಮಿಸಿಲ್ಲ.

ಈಗಲೂ ಅವನು ಫೋನು ಮಾಡುತ್ತಾನೆ. ಹಲೋ ಎನ್ನುವ ಮೊದಲೇ ಚಾಲಿ, ರಾಶಿ, ಬಿಳೆಗೋಟಿನ ದರ. ಬಳಿಕ ಎಲೆಚುಕ್ಕಿ ರೋಗ. ಕೊನೆಗೆ, ಎಂದಿನಂತೆ, ನೀರು. ಮುಳುಗಡೆಯವರ ಹಕ್ಕುಪತ್ರದ ಮಾತು ಚುನಾವಣೆಗೊಮ್ಮೆ ಏಳುತ್ತದೆ. ಆ ಬಗ್ಗೆ ಕೇಳಿದರೆ ಮಾತ್ರ ಈಗಲೂ ಲೈನು ಸರಿಯಿಲ್ಲ ಎನ್ನುತ್ತಾನೆ. 2025ರ ಜುಲೈ 14ರಂದು ಹಿನ್ನೀರಿನ ಮೇಲಿನ ಅಂಬಾರಗೋಡ್ಲು-ಕಳಸವಳ್ಳಿ ಸೇತುವೆ ಉದ್ಘಾಟನೆಯಾದಾಗ ನಾನೇ ಫೋನು ಮಾಡಿದೆ, ಖುಷಿಯಲ್ಲಿರಬಹುದೆಂದು. "ಒಳ್ಳೇದೇ ಆತು. ರಾತ್ರಿ ಯಾರಿಗಾದ್ರೂ ಎದೆನೋವು ಬಂದ್ರೆ ಬೆಳಗಾಗೋತನಕ ಕಾಯೋದು ತಪ್ತು. ಆದ್ರೆ ಮಾರಾಯ, ಎಲ್ಲ ಕಾರಲ್ಲಿ ಬರ್ ಅಂತ ಹೋಗ್ತಾರೆ. ಯಾರ ಮನೆಗೆ ಅಂತ ಕೇಳೋದು ಯಾವಾಗ?" ಎಂದ.

ಸಿಗಂದೂರಿಗೆ ಹೋಗುವ ಓದುಗರಲ್ಲಿ ಆದ್ದರಿಂದ ಒಂದು ಅರಿಕೆ. ಸೇತುವೆ ದಾಟಿದ ಮೇಲೆ ಕಳಸವಳ್ಳಿಯ ಕಡೆ ಒಂದೆರಡು ನಿಮಿಷ ಕಾರು ನಿಲ್ಲಿಸಿ. ಅಪರಿಚಿತರೊಬ್ಬರು ಬಂದು ಯಾರ ಮನೆಗೆ, ಎಂತಕ್ಕೆ, ಎಷ್ಟು ದಿನ ಎಂದು ಕೇಳಿದರೆ ಬೇಸರಿಸದೆ ಉತ್ತರ ಹೇಳಿ. ಹಿಸೆ ಪಂಚಾಯಿತಿಗೆ ಹೊರಟವರು ಮಾತ್ರ ಗಾಜು ಏರಿಸಿಕೊಂಡು ಮುಂದೆ ಹೋಗುವುದು ಕ್ಷೇಮ.