ಪೌರನೀತಿ ಪಾಠ: ಬಳಸುವ ಮುನ್ನ ಓದಿ

ಈ ಪಾಠ ಸಾಮಾನ್ಯವಾಗಿ ತೂಕಡಿಸುತ್ತಲೇ ಶಾಲೆಗೆ ಬರುತ್ತದೆ. ಗಾಬರಿ ಬೇಡ, ಕೆಟ್ಟಿಲ್ಲ. ಮೂಲಭೂತ ಹಕ್ಕುಗಳೆಷ್ಟು ಎಂದಾಗ ಇಡೀ ತರಗತಿ ‘ಆರೂ ಸಾರ್’ ಎಂದು ರಾಗ ಎಳೆದರೆ ಚಾಲೂ ಆಯಿತೆಂದುಕೊಳ್ಳಬೇಡಿ. ಅದು ಬರೀ ಸದ್ದು.

ಮೊದಲು ಗೈಡನ್ನು ಬೀರುವಿನಲ್ಲಿಟ್ಟು ಬೀಗ ಹಾಕಿ. ಆಮೇಲೆ ಭತ್ತ ಅಳೆಯುವ ಎರಡು ಕೊಳಗ, ಒಂದು ಚೀಲ ಭತ್ತ ತನ್ನಿ. ಕೊಳಗ ಸಿಗದಿದ್ದರೆ ಬಿಸಿಯೂಟದ ಕೋಣೆಯ ಎರಡು ಪಾತ್ರೆ ಸಾಕು. ಒಂದು ತುಸು ದೊಡ್ಡದಿರಲಿ, ಥಟ್ಟನೆ ಕಣ್ಣಿಗೆ ಬೀಳದಷ್ಟು. ಒಬ್ಬಳು ಭೂಮಾಲೀಕಳಾಗಲಿ, ಮಿಕ್ಕವರು ಗೇಣಿದಾರರು. ಗೇಣಿ ಅಳೆಯುವಾಗ ದೊಡ್ಡ ಪಾತ್ರೆ ಹೊರಬರಲಿ. ಏಳೆಂಟು ಸಲ ಅಳೆಯುವಷ್ಟರಲ್ಲಿ ಹಿಂದಿನ ಬೆಂಚಿನಿಂದ ‘ಮೋಸ ಸಾರ್!’ ಎಂದು ಯಾರಾದರೂ ಕೂಗಬೇಕು. ಕೂಗಿದರೆ ಪಾಠ ಚಾಲೂ ಆಗಿದೆ. ಕೂಗದಿದ್ದರೆ ಇನ್ನೂ ದೊಡ್ಡ ಪಾತ್ರೆ ತನ್ನಿ.

ಆಗ ಹೇಳಿ: ಶಿವಮೊಗ್ಗ ಜಿಲ್ಲೆಯ ಸಾಗರ ತಾಲ್ಲೂಕಿನ ಕಾಗೋಡಿನಲ್ಲಿ 1951ರಲ್ಲಿ ಗೇಣಿದಾರರು ತಿರುಗಿಬಿದ್ದದ್ದು ಈ ಕೊಳಗದ ಅಳತೆಯಿಂದಲೇ. ಬೆಂಬಲಕ್ಕೆ ಬಂದ ರಾಮಮನೋಹರ ಲೋಹಿಯಾ ಬಂಧನಕ್ಕೊಳಗಾದರು. ಗೇಣಿದಾರರಿಗೆ ಭೂಮಿಯ ಒಡೆತನ ಕೊಟ್ಟ ದೇವರಾಜ ಅರಸರ ಸರ್ಕಾರದ ಭೂಸುಧಾರಣಾ ತಿದ್ದುಪಡಿ ಜಾರಿಗೆ ಬಂದದ್ದು 1974ರಲ್ಲಿ. ‘ನಡುವೆ 23 ವರ್ಷ ಏನು ಮಾಡ್ತಿದ್ರು ಸಾರ್?’ ಎಂದು ಕೇಳುತ್ತಾರೆ. ಶಾಸಕಾಂಗದ ಅಧ್ಯಾಯ ತೆರೆಯಬೇಕಾದದ್ದು ಆ ಗಳಿಗೆಯಲ್ಲಿ, ಜೂನ್ ತಿಂಗಳಲ್ಲಲ್ಲ.

ಕಾರ್ಯಾಂಗಕ್ಕೆ ಅದೇ ಜಿಲ್ಲೆಯ ಈಸೂರು. 1942ರಲ್ಲಿ ತಮ್ಮೂರು ಸ್ವತಂತ್ರವೆಂದು ಸಾರಿಕೊಂಡವರು ಹುಡುಗರನ್ನೇ ಅಮಲ್ದಾರ, ಸಬ್ ಇನ್‌ಸ್ಪೆಕ್ಟರ್ ಮಾಡಿಕೊಂಡರು. ಮಂತ್ರಿಗಳನ್ನು ಮೇಷ್ಟ್ರೇ ಹೆಸರಿಸುವ ಶಾಲಾ ಸಂಸತ್ತು ನಿಮ್ಮದಾದರೆ ಇದನ್ನು ಮೆಲುದನಿಯಲ್ಲಿ ಹೇಳಿ.

ಎಚ್ಚರಿಕೆ: ಈ ಭಾಗ ಬಿಸಿಯಿದೆ. ಊರಿಗೆ ಬಂದ ಅಸಲಿ ಅಧಿಕಾರಿಗಳಿಬ್ಬರು ಘರ್ಷಣೆಯಲ್ಲಿ ಸತ್ತರು. 1943ರಲ್ಲಿ ಊರಿನ ಐವರನ್ನು ಗಲ್ಲಿಗೇರಿಸಲಾಯಿತು. ಎರಡನ್ನೂ ಒಂದೇ ಉಸಿರಿನಲ್ಲಿ ಹೇಳಿ. ಮೊದಲನೆಯದನ್ನು ನುಂಗಿ ಎರಡನೆಯದಕ್ಕಷ್ಟೇ ಚಪ್ಪಾಳೆ ಹೊಡೆಸುವುದು ನಮ್ಮಲ್ಲಿ ಹಳೆಯ ಚಾಳಿ.

‘ಇದು ಪರೀಕ್ಷೆಗೆ ಬರುತ್ತಾ ಸಾರ್?’ ಎಂದರೆ ಬರೋದಿಲ್ಲ ಎಂದು ನಿಜ ಹೇಳಿಬಿಡಿ.

ಅಡ್ಡಪರಿಣಾಮಗಳಿವೆ. ಮುಂದಿನ ಮಕ್ಕಳ ಗ್ರಾಮಸಭೆಯಲ್ಲಿ ಹುಡುಗಿಯೊಬ್ಬಳು ಎದ್ದು ನಿಂತು, ಶೌಚಾಲಯ ಕಟ್ಟಿದ ಮೇಲೆ ನೀರಿನ ಪೈಪು ಯಾಕೆ ಹಾಕಲಿಲ್ಲ, ಬಿಲ್ ತೋರಿಸಿ ಎನ್ನಬಹುದು. ಪಿಡಿಒ ನಿಮ್ಮತ್ತ ತಿರುಗಿ ನೋಡುತ್ತಾರೆ. ನೀವು ಕಿಟಕಿಯಾಚೆ ನೋಡಿ.

ಪಾತ್ರೆಗಳನ್ನು ಊಟದ ಬೆಲ್ಲಿಗೆ ಮುಂಚೆ ತೊಳೆದು ಬಿಸಿಯೂಟದ ಅಕ್ಕನಿಗೆ ವಾಪಸ್ ಕೊಡಿ. ದೊಡ್ಡದು ಸಾಂಬಾರಿನದು.