ಗಾಡಿ ಕಾಕಾ

ಬಸವಕಲ್ಯಾಣದ ಚಹಾದಂಗಡಿಯಲ್ಲಿ ರಸ್ತೆಗೆ ಮುಖ ಮಾಡಿ ಕೂತು, ಬಶಿಗೆ ಸುರಿದ ಚಹಾ ಆರುತ್ತಿದ್ದರೂ ಕುಡಿಯದೆ ಕಿವಿ ನಿಮಿರಿಸಿಕೊಂಡವರು ಯಾರಾದರೂ ಕಂಡರೆ, ಅವರೇ ಗಾಡಿ ಕಾಕಾ. ಬೇರೆ ಕಡೆ ಇಂಥವರು ಊರಿಗೊಬ್ಬರು. ಲಾರಿಗಳ ಊರಾದ ನಮ್ಮಲ್ಲಿ ಓಣಿಗೊಬ್ಬರು. ಸ್ವಂತಕ್ಕೆ ಸೈಕಲ್ಲೂ ಇಲ್ಲ. ಆದರೆ ತಿರುವಿನಾಚೆ ಗಾಡಿಯೊಂದು ಕೆಮ್ಮಿದರೆ ಸಾಕು, ಕಣ್ಣು ಮುಚ್ಚಿ ‘ಫೋರ್ ನಾಟ್ ಸೆವೆನ್’ ಎಂದು ಕುಲ ಹೇಳಿ, ‘ನಾಜಲ್ ಹೋಗ್ಯಾದ’ ಎಂದು ರೋಗವನ್ನೂ ಹೇಳುತ್ತಾರೆ. ಆಟೋನಗರದ ಮಿಸ್ತ್ರಿಗಳು ಬಾನೆಟ್ ಎತ್ತಿದ ಮೇಲೆ ಹೇಳುವುದನ್ನು ಇವರು ಬಶಿ ಇಳಿಸದೆ ಹೇಳುತ್ತಾರೆ.

ಮನುಷ್ಯರ ಮುಖ ಕಾಕಾರಿಗೆ ನೆನಪಿರುವುದಿಲ್ಲ, ಗಾಡಿ ನೆನಪಿರುತ್ತದೆ. ಸಂಬಂಧ ಕೂಡಿಸುವಾಗ ಯಾರಾದರೂ ‘ಮನೆತನ ಹ್ಯಾಂಗದ ಕಾಕಾ?’ ಎಂದರೆ ಉತ್ತರ ಸಿದ್ಧ: ‘ಹುಡುಗನ ಮುತ್ಯಾಂದು ಮ್ಯಾಟಡಾರ್ ಇತ್ತು. ಹನ್ನೆರಡು ವರ್ಷದಾಗ ಒಂದಿನಾ ಮಂದಿ ಕಡಿಂದ ದಬ್ಬಸ್ಕೊಂಡಿಲ್ಲ. ಕಣ್ಣು ಮುಚ್ಚಿ ಹೆಣ್ಣು ಕೊಡ್ರಿ!’

ಅವರ ಸಿಟ್ಟೆಲ್ಲ ‘ಡಿಸಿಎಂ’ ಎಂಬ ಒಂದು ಶಬ್ದದ ಮೇಲೆ. ಹೈದರಾಬಾದಿನಿಂದ ಇತ್ತ ಕಡೆ ನಡುಗಾತ್ರದ ಲಾರಿ ಯಾವುದಾದರೂ ಸರಿ, ಜನರ ಬಾಯಲ್ಲಿ ಅದು ಡಿಸಿಎಂ. 1980ರ ದಶಕದಲ್ಲಿ ನಾಲ್ಕು ಜಪಾನಿ ಕಂಪನಿಗಳು ಇಲ್ಲಿಯವರ ಜೊತೆ ಸೇರಿ ಹಗುರ ಟ್ರಕ್ಕು ತಂದವು: ಡಿಸಿಎಂ ಟೊಯೊಟಾ, ಸ್ವರಾಜ್ ಮಜ್ದಾ, ಐಷರ್ ಮಿತ್ಸುಬಿಷಿ, ಆಲ್ವಿನ್ ನಿಸಾನ್. 1986ರಲ್ಲಿ ರಸ್ತೆಗಿಳಿದ ಟಾಟಾ 407 ಇವರಿಗೆ ಸೈಡೇ ಕೊಡಲಿಲ್ಲ. ಡಿಸಿಎಂ ಟೊಯೊಟಾ ಕಣ್ಮರೆಯಾಯಿತು. ಹೆಸರು ಮಾತ್ರ ಉಳಿದವರ ಮೈಮೇಲೆ ಬಂದು ಕೂತಿತು. ‘ಸತ್ತವರ ಹೆಸರು ಮೊಮ್ಮಗನಿಗೆ ಇಡಬೇಕ್ರಿ, ಬಾಜೂ ಮನಿ ಹುಡುಗಗಲ್ಲ’ ಎಂಬುದು ಕಾಕಾರ ವಾದ. ಪೇಪರಿನಲ್ಲಿ ‘ಇಂದು ಹುಮನಾಬಾದಿಗೆ ಡಿಸಿಎಂ’ ಎಂದು ಯಾರೋ ಓದಿದಾಗಲೂ ಅವರು ಬಿಡಲಿಲ್ಲ: ‘ಯಾವ ಕಂಪನೀದು ಅಂತ ಬರದಿಲ್ಲ ನೋಡು!’

ಅವರ ಜೀವವಿರುವುದು ಆಲ್ವಿನ್ ನಿಸಾನಿನಲ್ಲಿ. ಫ್ರಿಜ್ಜು, ಕೈಗಡಿಯಾರ ಮಾಡುತ್ತಿದ್ದ ಹೈದರಾಬಾದಿನ ಆಲ್ವಿನ್ ಕಂಪನಿ ಈ ಗಾಡಿಯನ್ನು ತಯಾರಿಸಿದ್ದು ನಮ್ಮ ಹೆದ್ದಾರಿಯ ಮೇಲೇ ಇರುವ ಜಹೀರಾಬಾದಿನಲ್ಲಿ. 407 ಬಂದದ್ದು ಅದೇ ಹೆದ್ದಾರಿಯ ಇನ್ನೊಂದು ತುದಿಯ ಪುಣೆಯಿಂದ. ‘ಟಾಟಾ ಅಳಿಯ, ಆಲ್ವಿನ್ ಮಗ’ ಎಂದು ಕಾಕಾ ನೆಂಟಸ್ತಿಕೆ ಬಿಡಿಸುತ್ತಾರೆ. ಜಹೀರಾಬಾದಿನ ಆ ಕಾರ್ಖಾನೆ ಮಹೀಂದ್ರಾ ಪಾಲಾಗಿ ಅಲ್ಲಿ ಟ್ರ್ಯಾಕ್ಟರುಗಳು ತಯಾರಾಗುತ್ತಿವೆ. ಹೆದ್ದಾರಿಯ ನಂಬರೂ 9 ಹೋಗಿ 65 ಆಗಿದೆ. ಕಾಕಾ ಇವೆರಡಕ್ಕೂ ಇನ್ನೂ ಒಪ್ಪಿಗೆ ಕೊಟ್ಟಿಲ್ಲ.

ಈ ಸಲ ಅವರನ್ನು ಹುಮನಾಬಾದಿನ ವೀರಭದ್ರೇಶ್ವರ ಜಾತ್ರೆಗೆ ಕರೆದುಕೊಂಡು ಹೋದೆ. ಸಸ್ತಾಪುರ ಬಂಗ್ಲಾ ದಾಟಿದಾಗಿನಿಂದ ಕಿಟಕಿ ಬಿಟ್ಟು ಕತ್ತು ಒಳಗೆ ತರಲಿಲ್ಲ. ಕೆಎ 56 ಕಂಡರೆ ‘ನಮ್ಮ ಕಲ್ಯಾಣದ್ದು’, ಕೆಎ 38 ಕಂಡರೆ ‘ಬೀದರದ್ದು’ ಎಂದು ಹಾಜರಿ ಹಾಕುತ್ತಲೇ ಇದ್ದರು. ಜಾತ್ರೆಯಲ್ಲಿ ಜನರೆಲ್ಲ ದೇವರ ಕಡೆ ಕೈ ಮುಗಿದು ನಿಂತಿದ್ದರೆ ಕಾಕಾ ಮಾತ್ರ ನಾಪತ್ತೆ. ಹುಡುಕಿಕೊಂಡು ಹೋದರೆ ತೊಟ್ಟಿಲು ತಿರುಗಿಸುವವರ ಡೇರೆಯ ಹಿಂದೆ, ಜನರೇಟರ್ ಹೊತ್ತು ನಿಂತ ಮುದಿ ಗಾಡಿಯೊಂದನ್ನು ಸುತ್ತು ಹಾಕುತ್ತಿದ್ದರು. ಚಪ್ಪಲಿ ಆಚೆ ಬಿಟ್ಟಿದ್ದರು!

ಬಾಗಿಲನ್ನು ಹಗ್ಗದಿಂದ ಬಿಗಿಯಲಾಗಿತ್ತು. ಕಾಕಾ ಅದರ ಮೂಲೆಯನ್ನು ಉಗುರಿನಿಂದ ಕೆರೆದರು. ಹಳದಿಯ ಕೆಳಗೆ ಹಸಿರು, ಹಸಿರಿನ ಕೆಳಗೆ ನೀಲಿ. ‘ಇದೇ ಹುಟ್ಟುಬಣ್ಣ’ ಎಂದರು. ನಂಬರು ಎಪಿ 23, ಅಂದಿನ ಮೆದಕ್ ಜಿಲ್ಲೆಯದು. ‘ಆಲ್ವಿನ್ನೇ! ತವರಿನ ನಂಬರ್ ಇನ್ನಾ ಬಿಟ್ಟಿಲ್ಲ’ ಎಂದಾಗ ಕಣ್ಣು ತೇವವಾಗಿತ್ತು.

ಅಷ್ಟರಲ್ಲಿ ಮಾಲಕ ಹುಡುಗ ಪ್ಲಾಸ್ಟಿಕ್ ಚೀಲ ಹಿಡಿದು ಓಡಿ ಬಂದ. ‘ಸಾಹೇಬ್ರ, ಕಾಗದ ಎಲ್ಲಾ ಅವ ನೋಡ್ರಿ!’ ಕಾಕಾ ಆರ್‌ಸಿ ಪುಸ್ತಕವನ್ನು ಜಾತಕದಂತೆ ಬಿಡಿಸಿ ಓದಿ, ಮಡಚಿ ಹಣೆಗೊತ್ತಿಕೊಂಡು ವಾಪಸು ಕೊಟ್ಟರು. ಇವರು ಆರ್‌ಟಿಓ ಅಲ್ಲವೆಂದು ಗೊತ್ತಾದದ್ದೇ ಹುಡುಗನ ಮುಖದಲ್ಲಿ ಬೇರೆ ಆಸೆ ಚಿಗುರಿತು. ಗುಜರಿಗೆ ನಮ್ಮ ಗಡಿಯ ಕಡೆ ಭಂಗಾರ ಎನ್ನುತ್ತಾರೆ.

‘ಭಂಗಾರಕ್ಕ ತಗೋತೀರೇನ್ರಿ ಕಾಕಾ?’

‘ತಮ್ಮಾ, ಇದು ಬಂಗಾರ ಅದ. ಹೊಟ್ಟಿ ಸೀಳಬ್ಯಾಡ.’

‘ಹಂಗಾದ್ರ ಬಂಗಾರದ ರೇಟಿಗೇ ಒಯ್ರಲ್ಲ?’

ಕಾಕಾ ಚಪ್ಪಲಿ ಮೆಟ್ಟಿಕೊಂಡು ನನ್ನ ಕೈ ಹಿಡಿದೆಳೆದರು. ‘ನಡಿಯಪ್ಪಾ, ಇನ್ನಾ ದೇವರ ದರ್ಶನ ಆಗಿಲ್ಲ.’