ಅರಳಗುಪಪೆಯ ವೃತ್ತಾಂತ

ಕನ್ನಡ ಕೆಡುತ್ತಿದೆ ಎಂದು ಭಾಷಣ ಮಾಡುವವರು ಟಿವಿಯನ್ನು ಬೈಯುತ್ತಾರೆ, ಕಾನ್ವೆಂಟನ್ನು ಬೈಯುತ್ತಾರೆ. ಎಫ್ ಕೀಲಿಯ ಹೆಸರನ್ನು ಮಾತ್ರ ಯಾರೂ ಎತ್ತುವುದಿಲ್ಲ. ಕೆ.ಪಿ. ರಾವ್ ಅವರು ರೂಪಿಸಿದ, ಗಣಕ ಪರಿಷತ್ತಿನ ‘ನುಡಿ’ಯಲ್ಲಿ ನಾವೆಲ್ಲ ಕುಟ್ಟುವ ಕೀಲಿಮಣೆಯಲ್ಲಿ ಒತ್ತಕ್ಷರಗಳ ಸಂಸಾರವೆಲ್ಲ ನಡೆಯುವುದು ಆ ಒಂದೇ ಕೀಲಿಯಿಂದ. ‘ಪ’ ಆದಮೇಲೆ ಎಫ್, ಆಮೇಲೆ ಇನ್ನೊಂದು ‘ಪ’ ಕುಟ್ಟಿದರೆ ‘ಪ್ಪ’. ನಡುವಿನ ಎಫ್ ಮುಷ್ಕರ ಹೂಡಿದರೆ ಬರೀ ‘ಪಪ’. ನನ್ನ ಲ್ಯಾಪ್‌ಟಾಪಿನಲ್ಲಿ ಆದದ್ದು ಇದೇ.

ಆಗ ನಾನು ಊರಿನ ಗುಡಿಗಳ ಮೇಲೊಂದು ಕಿರುಪುಸ್ತಿಕೆ ಬರೆಯುತ್ತಿದ್ದೆ. ತೆರೆಯ ಮೇಲೆ ಅರಳಗುಪ್ಪೆ ‘ಅರಳಗುಪಪೆ’ಯಾಯಿತು, ಕಲ್ಲೇಶ್ವರ ‘ಕಲಲೇಶವರ’ನಾದ. 9ನೆಯ ಶತಮಾನದಲ್ಲಿ ಆ ಗುಡಿ ಕಟ್ಟಿಸಿದ ನೊಳಂಬರಿಗೆ ಮಾತ್ರ ಏನೂ ಆಗಲಿಲ್ಲ. ಅದರ ಚಾವಣಿಯಲ್ಲಿ ಕುಣಿಯುವ ನಟರಾಜನೂ ಕ್ಷೇಮ. ಆದರೆ ಅವನ ಸುತ್ತ ಕಾವಲಿರುವ ಎಂಟು ಜನ ‘ದಿಕಪಾಲಕ’ರಾಗಿ ದಿಕ್ಕೆಟ್ಟರು. ಪಕ್ಕದ ಚೆನ್ನಕೇಶವ ‘ಚೆನನಕೇಶವ’ನಾದ, ಹೊಯ್ಸಳರು ‘ಹೊಯಸಳ’ರಾದರು, ಅಲ್ಲಿ ಕೆತ್ತಿದ ಹೊನೋಜ ಹೆಸರಿನಲ್ಲಿ ಒತ್ತಿಟ್ಟುಕೊಳ್ಳದ ಜಾಣನಾದ್ದರಿಂದ ಬಚಾವಾದ.

ಕೆಲಸ ಬಿಟ್ಟು ಇದೇ ಆಟವಾಯಿತು. ತಿಪಟೂರು, ತುರುವೇಕೆರೆ, ತುಮಕೂರು ಮೂರೂ ಸಲೀಸಾಗಿ ಬಂದವು. ಚಿಕ್ಕನಾಯಕನಹಳ್ಳಿಯವರು ಮಾತ್ರ ‘ಚಿಕಕನಾಯಕನಹಳಳಿ’ ಎಂದು ಮುಗ್ಗರಿಸಿದರು. ತೆಂಗು, ಗರಿ, ಹೊಂಬಾಳೆ, ಎಳನೀರು ಎಲ್ಲ ಸುಖವಾಗಿದ್ದವು. ಕಾಯಿ ‘ಅಟಟ’ ಹತ್ತಿ ‘ಕೊಬಬರಿ’ಯಾದಾಗಲೇ ಅಪಾಯ. ಮನೆಯೊಳಗೆ ಅಪ್ಪ, ಅಮ್ಮ, ಅಕ್ಕ, ತಮ್ಮ, ಅತ್ತೆ ಎಲ್ಲರೂ ತೊದಲಿದರು. ಹೆಂಡತಿಗೆ ಯಾವ ಕೀಲಿಯ ಹಂಗೂ ಇರಲಿಲ್ಲ. ಇದನ್ನು ಅವಳಿಗೆ ಹೇಳಿದೆ. ‘ಗೊತ್ತಿದ್ದದ್ದೇ’ ಎಂದಳು.

ಬೆಂಗಳೂರಿನ ಅಳಿಯ ಫೋನಿನಲ್ಲಿ ವೈದ್ಯ ಶುರು ಮಾಡಿದ. ‘ಮಾವ, ಮೊದಲು ರೀಸ್ಟಾರ್ಟ್ ಮಾಡಿ.’ ಇದು ಆ ಶಾಸ್ತ್ರದ ಗಣಪತಿ ಪೂಜೆ. ಫಲ ಕೊಡದಿದ್ದರೂ ಬಿಡುವಂತಿಲ್ಲ. ಆಮೇಲೆ ಫಿಲ್ಟರ್ ಕೀಸ್ ಮೇಲೆ ಅನುಮಾನ ಬಂತು. ಬಲಗಡೆಯ ಶಿಫ್ಟನ್ನು 8 ಸೆಕೆಂಡು ಅದುಮಿ ಹಿಡಿದರೆ ಅದು ಎದ್ದು ಕೂರುತ್ತದಂತೆ, ಮೆಲ್ಲಗೆ ತಾಕಿ ಬಿಟ್ಟ ಕೀಲಿಯನ್ನು ಲೆಕ್ಕಕ್ಕೇ ಇಟ್ಟುಕೊಳ್ಳುವುದಿಲ್ಲವಂತೆ. ಹಾಗಾಗಿದ್ದರೆ ಎಲ್ಲ ಕೀಲಿಗಳೂ ಮಂಕಾಗಬೇಕಿತ್ತಲ್ಲ? ಕೊನೆಗೆ ವಿಂಡೋಸ್, ಕಂಟ್ರೋಲ್, ಓ ಮೂರನ್ನೂ ಒಟ್ಟಿಗೆ ಒತ್ತಿಸಿ ತೆರೆಯ ಮೇಲೊಂದು ಕೀಲಿಮಣೆ ಬರಿಸಿದ. ಅಲ್ಲಿಯ ಎಫ್ ಮೇಲೆ ಮೌಸಿನಿಂದ ಕುಕ್ಕಿದೆ. ‘ಪ್ಪ’ ಬಂತು! ಅಂದರೆ ತಂತ್ರಾಂಶ ಆರೋಗ್ಯವಾಗಿದೆ, ರೋಗ ಮೈಯಲ್ಲಿದೆ.

‘ಅಲ್ಲೀತನಕ ಇನ್‌ಸ್ಕ್ರಿಪ್ಟಿಗೆ ಹೋಗಿ, ಅದರಲ್ಲಿ ಒತ್ತು ಡಿ ಕೀಲೀಲಿದೆ’ ಎಂದ. ನಿಜವೇ. ಆದರೆ ಅಲ್ಲಿ ಉಳಿದ ಅಕ್ಷರಗಳೂ ಮನೆ ಬದಲಾಯಿಸಿವೆ. ಒಂದೊಂದು ಒತ್ತಿಗೂ ಆ ಕೀಲಿಮಣೆಗೆ ಹೋಗಿ, ಡಿ ಒತ್ತಿ, ವಾಪಸು ಬರಬೇಕು. ‘ಅರ್ಥಶಾಸ್ತ್ರಜ್ಞ’ ಅಂತ ಬರೆಯುವ ಹೊತ್ತಿಗೆ ಸಂಜೆಯ ಬಸ್ಸು ಬಂದಿರುತ್ತದೆ.

ತಿಪಟೂರಿನ ರಿಪೇರಿ ಅಂಗಡಿಯವರಿಗೆ ಫೋನು ಮಾಡಿದರೆ ಇಡೀ ಕೀಬೋರ್ಡೇ ಬದಲಾಯಿಸಬೇಕು ಎಂದರು. ಅವರದ್ದೂ ತಪ್ಪಿಲ್ಲ, ಈಗಿನ ಎಷ್ಟೋ ಲ್ಯಾಪ್‌ಟಾಪುಗಳಲ್ಲಿ ಕೀಲಿಮಣೆಯನ್ನು ಮೇಲಿನ ಚೌಕಟ್ಟಿಗೆ ಪ್ಲಾಸ್ಟಿಕ್ ಮೊಳೆ ಕರಗಿಸಿ ಬೆಸೆದಿರುತ್ತಾರೆ. ಬೆಂಬಲ ಬೆಲೆಯ ಅರ್ಜಿ ಬರೆಸಲು ಬಂದು ಜಗಲಿಯಲ್ಲಿ ಕೂತಿದ್ದ ದೊಡ್ಡಪ್ಪ ಇದನ್ನು ಒಪ್ಪಲಿಲ್ಲ. ‘ಒಂದು ಗರಿ ಒಣಗ್ತು ಅಂತ ಮರಾನೇ ಕಡಿಯೋರುಂಟೇನ್ಲಾ?’

ಯಂತ್ರ ಆರಿಸಿ, ಉಗುರಿನಿಂದ ಮೂಲೆ ಎಬ್ಬಿಸಿದೆ. ಟಕ್ಕೆಂದು ಎಫ್ ಟೊಪ್ಪಿಗೆ ಬಿಚ್ಚಿಕೊಂಡಿತು. ಕೆಳಗೆ ಕತ್ತರಿಯಂತೆ ಹೆಣೆದ ಎರಡು ಪ್ಲಾಸ್ಟಿಕ್ ತುಂಡು, ನಡುವೆ ರಬ್ಬರಿನ ಪುಟ್ಟ ಗುಬ್ಬಿ. ಗುಬ್ಬಿ ಕುಗ್ಗಿ ಕೆಳಗಿನ ಹಾಳೆಯನ್ನು ಒತ್ತಿದರೆ ಅದರೊಳಗಿನ ಎರಡು ವಿದ್ಯುತ್ ಗೆರೆಗಳು ಮುಟ್ಟುತ್ತವೆ, ಆಗ ಅಕ್ಷರ. ಇಲ್ಲಿ ಕತ್ತರಿಯ ಕಾಲು ಮಡಚದಂತೆ ಗುಂಜಿನ ಎಳೆಯೊಂದು ಸುತ್ತಿಕೊಂಡಿತ್ತು.

ಅದರ ಮೂಲ ಹುಡುಕಬೇಕಿರಲಿಲ್ಲ. ನಾನು ಬರೆಯುವ ಮೇಜು ಅಟ್ಟದ ಕೆಳಗೇ ಇದೆ. ಅಲ್ಲಿ ಕಾಯಿಗಳು ಮಟ್ಟೆಸಮೇತ 10–11 ತಿಂಗಳು ಬಿದ್ದಿದ್ದು, ಒಳಗಿನ ನೀರೆಲ್ಲ ಇಂಗಿ, ಗಿಟುಕು ಚಿಪ್ಪು ಬಿಟ್ಟು ಗಲಗಲ ಎನ್ನುವವರೆಗೆ ಕಾಯುತ್ತೇವೆ. ಆ ವಾರ ಇಳಿಸಿ ಅಂಗಳದಲ್ಲಿ ಸುಲಿಸುತ್ತಿದ್ದೆವು. ಗುಂಜಿನ ದೂಳು ಅನ್ನದಲ್ಲಿ, ಹಾಸಿಗೆಯಲ್ಲಿ, ದೇವರ ಪಟದ ಹಿಂದೆ ಕೂತ ಮೇಲೆ ಎಫ್ ಒಂದಕ್ಕೆ ವಿನಾಯಿತಿ ಯಾಕೆ?

‘ಪಿನ್ನು ಬ್ಯಾಡ, ಚುಚ್ಚೀಯ’ ಎಂದ ದೊಡ್ಡಪ್ಪ ಪೊರಕೆಯಿಂದ ಒಂದು ಕಡ್ಡಿ ಕಿತ್ತು ಕೊಟ್ಟರು. ಎಳೆ ಬಂತು. ಟೊಪ್ಪಿಗೆಯನ್ನು ಕತ್ತರಿಯ ಮೇಲಿಟ್ಟು ಮೆಲ್ಲಗೆ ಅದುಮಿದೆ, ಟಕ್.

‘ಸರಿಹೋಯ್ತಾ?’

‘ಹೋಯ್ತು ದೊಡ್ಡಪ್ಪ. ಹೇಳಿ, ಅರ್ಜಿ ಬರೀತೀನಿ.’

ಅವರು ಎಲೆಅಡಿಕೆ ಉಗಿದು ಬಂದು ಪಕ್ಕದಲ್ಲಿ ಕೂತರು. ‘ಕೊಬ್ಬರಿ ರೇಟಿನ ವಿಚಾರ. ಚೆನ್ನಾಗಿ ಒತ್ತು ಕೊಟ್ಟು ಬರಿ ಮಗಾ, ಇಲ್ದಿದ್ರೆ ಮೇಲ್ನೋರಿಗೆ ನಾಟಾಕಿಲ್ಲ.’